ಮುಚ್ಚದೆ ಉಳಿದ ಲಾಗಿನ್

ಪುಣೆ
12 ಫೆಬ್ರುವರಿ 2025

ರಂಜನಾಗೆ ಕೇದಾರನ ಆಶೀರ್ವಾದಗಳು.

ಸುಧೀರನ ಹದಿಮೂರನೆಯ ದಿನದ ಊಟ ಮುಗಿಸಿ ಪುಣೆಗೆ ಬಂದವನು ಇಷ್ಟು ದಿನ ಸುಮ್ಮನಿದ್ದೆ. ಫೋನ್ ಮಾಡಬಹುದಿತ್ತು. ಬೇಕೆಂದೇ ಮಾಡಲಿಲ್ಲ. ಈ ಪತ್ರ ಓದಿದರೆ ಕಾರಣ ತಿಳಿಯುತ್ತದೆ.

ಕಂಪನಿಯ ಮುಖ್ಯ ಕಚೇರಿಯಲ್ಲಿ ನನ್ನ ಕೆಲಸ ಏನೆಂದು ಸುಧೀರ ಹೇಳಿರಬೇಕು. ಕಂಪ್ಯೂಟರಿನಲ್ಲಿರುವ ಮಾಹಿತಿ ಹೊರಗೆ ಹೋಗದಂತೆ ನೋಡಿಕೊಳ್ಳುವ ವಿಭಾಗ ನಮ್ಮದು. ಕಳೆದ ವಾರ, ಸುಧೀರ ಕೆಲಸ ಮಾಡುತ್ತಿದ್ದ ನಮ್ಮ ಕುಂಡಯಿ ಔಷಧ ಕಾರ್ಖಾನೆಯ ಲ್ಯಾಬಿನ ಮೇಲೆ ಒಂದು ವಿಚಾರಣೆ ಶುರುವಾಗಿದೆ. ಸುಧೀರ ಹೋದದ್ದು ಜನವರಿ ಹದಿನೇಳಕ್ಕೆ. ಆದರೆ ಇಪ್ಪತ್ತರಿಂದ ಮೂವತ್ತರವರೆಗೆ, ರಜೆ ಬಿಟ್ಟು, ದಿನವೂ ಬೆಳಿಗ್ಗೆ ಆರೂವರೆಯ ಸುಮಾರಿಗೆ ಯಾರೋ ಅವನ ಹೆಸರು, ಅವನ ಪಾಸ್‌ವರ್ಡ್ ಹಾಕಿ ಅವನ ಕಂಪ್ಯೂಟರ್ ತೆರೆದಿದ್ದಾರೆ.

ನಾನು ಕೇಳುವುದಕ್ಕೆ ತಪ್ಪು ತಿಳಿಯಬೇಡ. ಅವನು ಪಾಸ್‌ವರ್ಡನ್ನು ಯಾರಿಗಾದರೂ ಹೇಳಿದ್ದನೇ? ಕೊನೆಯ ತಿಂಗಳುಗಳಲ್ಲಿ ಹೊಸ ಗೆಳೆಯರು ಯಾರಾದರೂ ಬಂದುಹೋಗುತ್ತಿದ್ದರೇ? ಅವನು ಹೋದ ಮೇಲೆ ಕಾರ್ಖಾನೆಯಿಂದ ಮನೆಗೆ ಬಂದವರು ಯಾರು ಯಾರು? ನೀನು ದಿನವೂ ನೋಟ್‌ಬುಕ್ಕಿನಲ್ಲಿ ಬರೆಯುತ್ತೀ ಎಂದು ಅವನು ಹೇಳುತ್ತಿದ್ದ. ಆ ಹದಿನೈದು ದಿನಗಳ ಹಾಳೆ ಕಳಿಸಿದರೆ ಅನುಕೂಲ.

ನಿನಗೆ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ ಕೊಡುವ ಮಾತು ನಡೆದಿದೆಯಂತೆ. ವಿಚಾರಣೆ ಮುಗಿಯುವವರೆಗೆ ಅದು ಮುಂದೆ ಸರಿಯುವುದಿಲ್ಲ.

ವಿಚಾರಣೆ ಮಾಡುವವನು ಮನೆಯವರೊಂದಿಗೆ ಈ ಮಾತು ಆಡುವಂತಿಲ್ಲ. ಹಾಗಾಗಿ ಮೇಲ್ ಬೇಡ, ಫೋನ್ ಬೇಡ. ಓದಿ ಹರಿದು ಹಾಕು.

ಹದಿಮೂರನೆಯ ದಿನ ಹಾರ ಹಾಕಿದ್ದ ಫೋಟೋ ಚೆನ್ನಾಗಿತ್ತು. ಎಲ್ಲಿ ಸಿಕ್ಕಿತು?

ಕೇದಾರ


ಫೋಂಡಾ
20 ಫೆಬ್ರುವರಿ 2025

ಕೇದಾರ ಭಾವನವರಿಗೆ ರಂಜನಾ ಮಾಡುವ ನಮಸ್ಕಾರಗಳು.

ನಿಮ್ಮ ಪತ್ರ ತಲುಪಿತು. ಲಕೋಟೆಯ ಮೇಲೆ ನನ್ನ ಹೆಸರಿನ ಹಿಂದೆ ರೂಢಿಯಂತೆ ಚಿ. ಸೌ. ಎಂದು ಬರೆದು, ಆಮೇಲೆ ನೆನಪಾಗಿ ಸೌ. ಮಾತ್ರ ಹೊಡೆದು ಹಾಕಿದ್ದೀರಿ. ಬೇರೆ ಲಕೋಟೆ ತೆಗೆದುಕೊಳ್ಳಬಹುದಿತ್ತು. ಇರಲಿ.

ನಾನು ಹತ್ತನೇ ತನಕ ಓದಿದವಳು. ಲಾಗಿನ್, ಪಾಸ್‌ವರ್ಡ್ ನನಗೆ ತಿಳಿಯದು. ಇವರ ಮೊಬೈಲಿನ ಲಾಕ್ ಕೂಡ ನನಗೆ ಗೊತ್ತಿರಲಿಲ್ಲ. ಹದಿನೇಳು ವರ್ಷ ಸಂಸಾರ ಮಾಡಿದ ಮೇಲೂ, "ನಿಯಮ ಅಂದ್ರ ನಿಯಮ, ಮನಿಯವ್ರಿಗೂ ಹೇಳಬಾರದು," ಅನ್ನುತ್ತಿದ್ದರು. ಅಂಥವರು ಹೊರಗಿನವರಿಗೆ ಹೇಳಿರಲಿಕ್ಕಿಲ್ಲ.

ಮನೆಗೆ ಲ್ಯಾಬಿನವರೆಲ್ಲ ಬಂದಿದ್ದರು. ಗಾಜಿನ ಸಾಮಾನು ತೊಳೆಯುವ ಮಲಿಕಸಾಬನೂ ಬಂದಿದ್ದ. ಸಾವಿನ ಮನೆಗೆ ಎಲ್ಲರೂ ಬರುತ್ತಾರೆ. ಫೋಟೋ ಮನೆಯಲ್ಲೇ ಇತ್ತು.

ನೋಟ್‌ಬುಕ್ ಕಳಿಸಲಾರೆ. ಅದರಲ್ಲಿ ಎಷ್ಟು ಹಾಲು ತಂದೆ, ಯಾವಾಗ ಅಳು ಬಂತು ಅಂಥದ್ದೇ ಇದೆ.

ತಿಳಿಯದವಳು ಒಂದು ಮಾತು ಕೇಳುತ್ತೇನೆ. ಮನುಷ್ಯ ಸತ್ತ ಮೇಲೆ ರೇಷನ್ ಕಾರ್ಡಿನಲ್ಲಿ ಹೆಸರು ತೆಗೆಯುತ್ತಾರೆ. ಕಂಪ್ಯೂಟರಿನಲ್ಲಿ ತೆಗೆಯುವವರು ಯಾರು? ಅವರೇಕೆ ತೆಗೆಯಲಿಲ್ಲ?

ರಂಜನಾ


ಪುಣೆ
28 ಫೆಬ್ರುವರಿ 2025

ರಂಜನಾಗೆ ಆಶೀರ್ವಾದಗಳು.

ಲಕೋಟೆಯ ವಿಷಯಕ್ಕೆ ಕ್ಷಮಿಸು. ಕೈ ತಾನಾಗಿ ಬರೆದುಬಿಟ್ಟಿತು.

ಲ್ಯಾಬಿನ ಬಾಗಿಲ ಕ್ಯಾಮೆರಾ ನೋಡಿದ್ದೇವೆ. ಆ ಹೊತ್ತಿಗೆ ಒಳಗೆ ಹೋಗುತ್ತಿದ್ದವನು ಮಲಿಕಸಾಬ ಒಬ್ಬನೇ. ಗುತ್ತಿಗೆದಾರನ ಆಳು, ಸಿಂದಗಿ ಕಡೆಯವನು, ಹನ್ನೊಂದು ವರ್ಷದಿಂದ ಅಲ್ಲಿದ್ದಾನೆ. ಮೊನ್ನೆ ಅವನನ್ನು ಕೆಲಸದಿಂದ ನಿಲ್ಲಿಸಿದ್ದಾರೆ. "ನನಗ ಓದಾಕ ಬರೂದಿಲ್ರಿ," ಅನ್ನುತ್ತಾನೆ. ಓದು ಬಾರದವನು ಹನ್ನೆರಡು ಅಕ್ಷರದ ಪಾಸ್‌ವರ್ಡ್ ಹೊಡೆದದ್ದು ಹೇಗೆ? ನಾಟಕ ಎನ್ನುತ್ತಾರೆ ನಮ್ಮವರು.

ನನ್ನ ಕೆಲಸವೇ ಇದು ರಂಜನಾ. ಒಂದೇ ಕಂಪನಿ, ಒಂದೇ ನಿಯಮ, ಮೂರು ದೇಶ. ಜರ್ಮನಿಯ ಕಾರ್ಖಾನೆಯಲ್ಲಿ ಒಬ್ಬ ನಿಯಮ ಮುರಿದಿದ್ದ. ಕೇಳಿದರೆ, ಈ ನಿಯಮದಿಂದ ನನ್ನ ಅರ್ಧ ಗಂಟೆ ಹಾಳಾಗುತ್ತದೆ, ನಿಯಮವೇ ದಡ್ಡತನದ್ದು ಎಂದು ಬರೆದುಕೊಟ್ಟ. ಜಪಾನಿನಲ್ಲಿ ಒಬ್ಬ ಹುಡುಗಿ ತನ್ನ ಪಾಸ್‌ವರ್ಡ್ ಮೇಲಿನವರಿಗೆ ಕೊಟ್ಟಿದ್ದಳು. ಅವರು ಕೇಳಿದ ಮೇಲೆ ಇಲ್ಲ ಅನ್ನಲು ಬಾಯಿ ಬರಲಿಲ್ಲವಂತೆ. ಕುಂಡಯಿಯಲ್ಲಿ ಮಾತ್ರ ಯಾರೂ ಕಾರಣ ಹೇಳುವುದಿಲ್ಲ. "ಎಲ್ಲಾ ನಮ್ಮವರ ಅಲ್ಲೇನ್ರಿ," ಎಂದು ನಗುತ್ತಾರೆ. ಪಾಸ್‌ವರ್ಡ್ ಮುಚ್ಚಿಟ್ಟುಕೊಂಡರೆ ಪಕ್ಕದವನನ್ನು ಕಳ್ಳ ಎಂದಂತೆ ಅವರಿಗೆ.

ಆದ್ದರಿಂದ ಮತ್ತೆ ಕೇಳುತ್ತೇನೆ. ಸುಧೀರನಿಗೂ ಮಲಿಕಸಾಬನಿಗೂ ಎಷ್ಟು ಸಲುಗೆ ಇತ್ತು? ಅವನು ಮನೆಗೆ ಬಂದದ್ದು ಒಂದೇ ಸಲವೇ?

ಕೇದಾರ


ಫೋಂಡಾ
9 ಮಾರ್ಚ್ 2025

ಕೇದಾರ ಭಾವನವರಿಗೆ ನಮಸ್ಕಾರಗಳು.

ಗುರುವಾರ ಕಂಪನಿಯಿಂದ ಇಬ್ಬರು ಬಂದಿದ್ದರು. ಕಂಪನಿಯ ವಸ್ತು ಏನಾದರೂ ಉಳಿದಿದೆಯೇ ನೋಡುತ್ತೇವೆ ಎಂದರು. ಕಪಾಟು ತೆಗೆದು ಇವರ ಷರ್ಟುಗಳ ಜೇಬಿಗೆ ಕೈ ಹಾಕಿದರು. ಇಸ್ತ್ರಿ ಮಾಡಿಟ್ಟ ಷರ್ಟುಗಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಅವರು ಹೋದ ಮೇಲೆ ಎದುರು ಮನೆಯ ಗೌರಿಬಾಯಿ, "ಪೊಲೀಸರೇನ?" ಎಂದರು. ಅಲ್ಲ ಎಂದೆ. ಅವರು ನಂಬಲಿಲ್ಲ.

ಅವರನ್ನು ಕಳಿಸಿದ್ದು ನೀವೇ ಇರಬೇಕು ಅನ್ನಿಸಿತು. ನೀವು ಪತ್ರದಲ್ಲಿ ಭಾವ. ಲಕೋಟೆಯ ಆಚೆ ಏನೋ ತಿಳಿಯದು. ಜರ್ಮನಿ, ಜಪಾನು ಎಂದೆಲ್ಲ ಬರೆದದ್ದು ಓದಲು ಚೆನ್ನಾಗಿತ್ತು. ನಾನು ಮೆತ್ತಗಾಗಿ ಏನಾದರೂ ಹೇಳಲಿ ಎಂದು ಬರೆದಿರೇನೋ.

ಮಲಿಕಸಾಬ ಎರಡು ಸಲ ಬಂದಿದ್ದ. ಎರಡನೆಯ ಸಲ ಯಾಕೆ ಎಂದು ಈಗ ಬರೆಯಲಾರೆ. ಅವನು ಕೆಟ್ಟವನಲ್ಲ ಎಂದು ಅಂದುಕೊಂಡಿದ್ದೇನೆ. ನೀವು ಬರೆದದ್ದು ಓದಿದ ಮೇಲೆ, ನನಗೇನು ಗೊತ್ತು ಅಂತಲೂ ಅನ್ನಿಸುತ್ತಿದೆ. ಇವರ ಬಗ್ಗೆ ಕೂಡ ಹಾಗೇ ಅನ್ನಿಸಿ ರಾತ್ರಿಯ ಊಟ ಸೇರಲಿಲ್ಲ.

ಸತ್ತವರ ಲಾಗಿನ್ ಮುಚ್ಚುವವರು ಯಾರು ಎಂದು ಕೇಳಿದ್ದೆ. ನೀವು ಅದಕ್ಕೆ ಉತ್ತರ ಬರೆದಿಲ್ಲ.

ರಂಜನಾ


ಪುಣೆ
15 ಮಾರ್ಚ್ 2025

ರಂಜನಾ,

ಆ ಇಬ್ಬರನ್ನು ಕಳಿಸಿದ್ದು ನಾನಲ್ಲ. ಆದರೆ ಹೋಗುತ್ತಾರೆಂದು ಗೊತ್ತಿತ್ತು. ಹೇಳಬಹುದಿತ್ತು, ಹೇಳಲಿಲ್ಲ.

ಅವರು ಹುಡುಕಿದ್ದು ಒಂದು ಪೆನ್ ಡ್ರೈವ್. ಇದನ್ನು ನಾನು ಬರೆಯಲೇಬಾರದು. ಜನವರಿ ಇಪ್ಪತ್ತೇಳು, ಸೋಮವಾರ, ಬೆಳಿಗ್ಗೆ ಆರು ಐವತ್ತೆರಡಕ್ಕೆ ಸುಧೀರನ ಕಂಪ್ಯೂಟರಿನಿಂದ ನಾಲ್ಕು ಸಾವಿರದ ನೂರ ಹನ್ನೆರಡು ಫೈಲುಗಳು ಪೆನ್ ಡ್ರೈವಿಗೆ ಹೋಗಿವೆ. ನಾಲ್ಕು ವರ್ಷದ ಔಷಧ ಪರೀಕ್ಷೆಯ ದಾಖಲೆ ಪೂರ್ತಿ. ಇಂಥದ್ದಕ್ಕೆ ಕಾಯುತ್ತಿರುವ ಕಂಪನಿಗಳು ಇವೆ. ಮಲಿಕಸಾಬನನ್ನು ಕೇಳಿದರೆ, "ನಾನ ಮಾಡೇನಿ. ಯಾಕಂತ ಕೇಳಬ್ಯಾಡ್ರಿ," ಅಷ್ಟೇ.

ನಮ್ಮ ಕಚೇರಿಯಲ್ಲಿ ಈಗ ಹೀಗೆ ಮಾತು: ಸುಧೀರ ಬದುಕಿದ್ದಾಗಲೇ ಯಾರೊಂದಿಗೋ ಒಪ್ಪಂದ ಮಾಡಿಕೊಂಡಿದ್ದ, ಅವನು ಸತ್ತ ಮೇಲೆ ಮಲಿಕಸಾಬ ಆ ಕೆಲಸ ಮುಗಿಸಿದ. ಏಪ್ರಿಲ್ ಮೂರರಂದು ಪೊಲೀಸರಿಗೆ ದೂರು ಕೊಡುತ್ತಾರೆ. ಮಲಿಕಸಾಬ ಒಳಗೆ ಹೋಗುತ್ತಾನೆ. ದೂರಿನಲ್ಲಿ ಸುಧೀರನ ಹೆಸರೂ ಇರುತ್ತದೆ.

ಇನ್ನೊಂದು ಮಾತು. ಹಾರ ಹಾಕಿದ್ದ ಫೋಟೋ ಅಕ್ಟೋಬರಿನಲ್ಲಿ ಲ್ಯಾಬಿನ ಸುರಕ್ಷತಾ ಸಪ್ತಾಹದಲ್ಲಿ ತೆಗೆದದ್ದು. ಕೈಯಲ್ಲಿದ್ದ ಪ್ರಮಾಣಪತ್ರವನ್ನು ಕೆಳಗೆ ಕತ್ತರಿಸಿದ್ದೀ, ಆದರೂ ಗುರುತು ಹತ್ತುತ್ತದೆ. ಅದು ಇದ್ದದ್ದು ಸುಧೀರನ ಕಂಪ್ಯೂಟರಿನಲ್ಲಿ ಮಾತ್ರ. ನೀನು ಮನೆಯಲ್ಲೇ ಇತ್ತು ಎಂದು ಬರೆದಿದ್ದೆ.

ಪತ್ರಗಳನ್ನು ಹರಿದು ಹಾಕುತ್ತಿರುವೆ ತಾನೆ?

ಕೇದಾರ


ಫೋಂಡಾ
24 ಮಾರ್ಚ್ 2025

ಕೇದಾರ ಭಾವನವರಿಗೆ,

ನಾನು ಸುಳ್ಳು ಬರೆದಿದ್ದೆ. ಈಗ ಖರೆ ಬರೆಯುತ್ತೇನೆ.

ಪೆನ್ ಡ್ರೈವ್ ನನ್ನ ಹತ್ತಿರ ಇದೆ. ಅವರು ಕಪಾಟು ಹುಡುಕಿದಾಗ ಅದು ಹಿಟ್ಟಿನ ಡಬ್ಬಿಯಲ್ಲಿತ್ತು.

ಹದಿಮೂರನೆಯ ದಿನಕ್ಕೆ ಇಡಲು ಇವರ ಒಂದು ಒಳ್ಳೆಯ ಫೋಟೋ ಇರಲಿಲ್ಲ. ಮದುವೆಯ ಫೋಟೋದಲ್ಲಿ ಇವರು ಬೇರೆ ಯಾರೋ ಇದ್ದ ಹಾಗೆ ಇದ್ದಾರೆ. ಅಕ್ಟೋಬರಿನ ಫೋಟೋ ಆಫೀಸಿನಲ್ಲಿದೆ ಎಂದು ಇವರೇ ಹೇಳಿದ್ದರು, ತರಲು ಮರೆಯುತ್ತಿದ್ದರು. ಮ್ಯಾನೇಜರರನ್ನು ಕೇಳಿದೆ. ಅರ್ಜಿ ಬರೆಯಿರಿ, ಮುಖ್ಯ ಕಚೇರಿಗೆ ಕಳಿಸುತ್ತೇವೆ, ಹದಿನೈದು ದಿನ ಆಗುತ್ತದೆ ಎಂದರು. ಉಳಿದಿದ್ದದ್ದು ನಾಲ್ಕು ದಿನ. ಶನಿವಾರ ಮಲಿಕಸಾಬ ಮಾತಾಡಿಸಲು ಬಂದಾಗ ಅವನಿಗೆ ಹೇಳಿದೆ. ಸೋಮವಾರ ಸಂಜೆ ಅವನು ಪೆನ್ ಡ್ರೈವ್ ತಂದುಕೊಟ್ಟ. ಫೋಟೋ ಅಂಗಡಿಯವನು ಬಹಳ ಹೊತ್ತು ಹುಡುಕಿದ. ಅಂಗಡಿಯವನೇ ನಿಧಾನ ಎಂದುಕೊಂಡೆ.

ನಾನು ಕೇಳಿದ್ದು ಒಂದು ಫೋಟೋ. ನಾಲ್ಕು ಸಾವಿರ ಎಂದು ನೀವು ಬರೆದದ್ದನ್ನು ಎರಡು ಸಲ ಓದಿದೆ. ನನ್ನ ಹೆಸರಿನಲ್ಲಿ ಮಲಿಕಸಾಬ ತನ್ನ ಕೆಲಸ ಮಾಡಿಕೊಂಡನೇ? ಬೆಳಿಗ್ಗೆ ತುಂಬಿಕೊಂಡದ್ದು ಸಂಜೆಗೆ ನನ್ನ ಕೈಗೆ ಬಂತು. ನಡುವೆ ಅದು ಎಲ್ಲಿತ್ತು? ಇವರೂ ಅವನೂ ಸೇರಿ ಏನಾದರೂ ಮಾಡಿದ್ದರೇ? ವಾರವೆಲ್ಲ ನೋಟ್‌ಬುಕ್ಕಿನ ಹಳೆಯ ಹಾಳೆ ತಿರುವಿದೆ. ಇವರು ತಡವಾಗಿ ಬಂದ ದಿನಗಳನ್ನು ಗುರುತು ಹಾಕಿದೆ. ಕಾರಣ ಬರೆದಿದ್ದ ದಿನಗಳ ಮೇಲೂ ಸಂಶಯ ಬಂತು. ಗಂಡನ ಬಗ್ಗೆ ಹೀಗೆ ಹುಡುಕುವುದು ಬದುಕಿದ್ದಾಗ ಮಾಡಿರಲಿಲ್ಲ.

ನಿನ್ನೆ ಭಾನುವಾರ ಮಲಿಕಸಾಬನ ಕೋಣೆಗೆ ಹೋದೆ. ಕುಂಡಯಿಯಲ್ಲಿ, ಕಾರ್ಖಾನೆಗಳ ಹಿಂದೆ, ತಗಡಿನ ಚಾಳು. ಅವರಿಗೆ ರೋಜಾ ಉಪವಾಸ. ಅವನ ಹೆಂಡತಿ ಪರ್ವೀನ ತಾನು ನೀರೂ ಮುಟ್ಟದೆ ನನಗೆ ಚಹಾ ಮಾಡಿಕೊಟ್ಟಳು. ಬೇಡ ಅಂದರೂ ಬಿಡಲಿಲ್ಲ.

ನಾನು ನೇರವಾಗಿ ಕೇಳಿದೆ. "ಒಂದು ಫೋಟೋ ಕೇಳಿದ್ರ ಎಲ್ಲಾ ಯಾಕ ತಂದಿ ಮಲಿಕಸಾಬ? ಯಾರಿಗೆ ಕೊಟ್ಟಿ?"

ಪರ್ವೀನಳೇ ಮಾತಾಡಿದಳು. "ರೇಷನ್ ಅಂಗಡ್ಯಾಗ ತನ್ನ ಹೆಸರು ಯಾವುದು ಅಂತ ಗೊತ್ತಾಗೂದಿಲ್ರಿ ಇವ್ಗ. ಹತ್ತ ಕಾರ್ಡ್ ಮುಂದಿಟ್ರ ಹತ್ತೂ ಎತ್ತಿಕೊಂಡ ಬರ್ತಾನ. ಇವಾ ಕಂಪನಿ ಮಾರ್ತಾನಂತ."

"ನೀ ಸುಮ್ಮನಿರು," ಎಂದ ಮಲಿಕಸಾಬ. ಆಮೇಲೆ, "ಬಾಯಾರ, ಪರದೆ ಮ್ಯಾಲ ಬರೇ ಹಳದಿ ಪೆಟಗಿ ಇದ್ದುವು. ಯಾವ ಪೆಟಗ್ಯಾಗ ಸಾಹೇಬ್ರ ಫೋಟೋ ಐತಿ ಅಂತ ನನಗ ಹ್ಯಾಂಗ ತಿಳೀಬೇಕ್ರಿ? ಯಾರನ್ನರೆ ಕೇಳಿದ್ರ ನಿಮ್ಮ ಹೆಸರು ಬರ್ತಿತ್ತು. ಎಲ್ಲಾ ತುಂಬಿಕೊಂಡೆ. ಹಾಡು ತುಂಬೂದು ಮಗಳು ಕಲಿಸಿದ್ಲು, ಹಂಗ ಮಾಡಿದೆ. ನೋಡ್ರಿ ಬೇಕಾದ್ರ, ಅದರಾಗ ನಮ್ಮ ಕವ್ವಾಲಿನೂ ಅದಾವ," ಎಂದ.

"ಸಂಜಿ ತನಕ ಎಲ್ಲಿತ್ತು?"

"ಊಟದ ಡಬ್ಬ್ಯಾಗ. ಗೇಟಿನಾಗ ಕಿಸೆ ನೋಡ್ತಾರ, ಡಬ್ಬಿ ನೋಡೂದಿಲ್ಲ."

"ತಪ್ಪು ಅಂತ ಗೊತ್ತಿತ್ತು ಹಂಗಾದ್ರ."

"ಗೊತ್ತಿತ್ರಿ. ನೀವು ಹದಿಮೂರ ದಿನ ಅಂದ್ರಿ."

ಪಾಸ್‌ವರ್ಡ್ ಹೇಗೆ ಗೊತ್ತು ಎಂದು ಕೇಳಿದೆ. ಅವನು ಚಹಾ ತಂದ ತಟ್ಟೆಯನ್ನು ಬೋರಲು ಹಾಕಿ, ಅದರ ಮೇಲೆ ಬೆರಳು ಆಡಿಸಿ ತೋರಿಸಿದ. ಇಲ್ಲಿ ಎರಡು, ಮೇಲೆ ಒಂದು, ಮೂಲೆಯ ದೊಡ್ಡ ಗುಂಡಿ ಒತ್ತಿ ಹಿಡಿದು ಇನ್ನೊಂದು. ಅಕ್ಷರ ಯಾವುದೆಂದು ಅವನಿಗೆ ತಿಳಿಯದು, ಜಾಗ ತಿಳಿದಿದೆ. ಹಾಗೆ ಆರು ಜನರ ಪಾಸ್‌ವರ್ಡ್ ಅವನ ಬೆರಳಲ್ಲಿವೆ. ಪರೀಕ್ಷೆಯ ಯಂತ್ರ ಬಿಸಿಯಾಗಲು ಒಂದು ಗಂಟೆ ಬೇಕು, ಲಾಗಿನ್ ಆಗದೆ ಯಂತ್ರ ಚಾಲೂ ಆಗುವುದಿಲ್ಲ. ಲ್ಯಾಬಿನವರ ಬಸ್ಸು ಬರುವುದು ಎಂಟಕ್ಕೆ. ಮಲಿಕಸಾಬ ಆರೂವರೆಗೆ ಬಂದು ಕಿಟಕಿ ತೆರೆಯುತ್ತಾನೆ, ನೆಲ ಒರೆಸುತ್ತಾನೆ, ಆರೂ ಕಂಪ್ಯೂಟರ್ ತೆರೆಯುತ್ತಾನೆ. ಅದೂ ಬೆಳಗಿನ ಕೆಲಸಗಳಲ್ಲಿ ಒಂದು. ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಾದಾಗ ಇವರೇ ಪಕ್ಕದಲ್ಲಿ ಕೂತು ಕಲಿಸುತ್ತಿದ್ದರಂತೆ.

"ಸಾಹೇಬ್ರು ಹೋದ ಮ್ಯಾಲೂ ಯಾಕ ತೆರದಿ?"

"ಬಿಡು ಅಂತ ಯಾರೂ ಅನ್ಲಿಲ್ರಿ. ಐದು ಹಚ್ಚಿ ಒಂದು ಬಿಡಾಕ ಮನಸ ಬರ್ಲಿಲ್ಲ."

ಮನೆಯವರಿಗೂ ಹೇಳಬಾರದು ಎಂದು ನನಗೆ ಹೇಳದ ಪಾಸ್‌ವರ್ಡು ಮಲಿಕಸಾಬನ ಬೆರಳಿಗೆ ಗೊತ್ತಿತ್ತು. ಬರುವಾಗ ಅದೇ ಯೋಚನೆ.

ಅವನು ನನ್ನ ಹೆಸರು ಹೇಳದೆ ಕೂತಿದ್ದಾನೆ. ನೀವು ಬಹಳ ಓದಿದವರು. ಏನು ಮಾಡಲಿ ಹೇಳಿ. ಮೂರನೆಯ ಸಲ ಕೇಳುತ್ತಿದ್ದೇನೆ, ಲಾಗಿನ್ ಮುಚ್ಚಬೇಕಾದವರು ಯಾರು?

ರಂಜನಾ


ಪುಣೆ
28 ಮಾರ್ಚ್ 2025

ರಂಜನಾ,

ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ. ಗಮನವಿಟ್ಟು ಓದು.

ಪೆನ್ ಡ್ರೈವನ್ನು ಯಾರಿಗೂ ಕೊಡಬೇಡ. ಸುತ್ತಿಗೆಯಿಂದ ಒಡೆದು ಹೊಳೆಗೆ ಹಾಕು. ಫೋಟೋ ಗೋಡೆಯಿಂದ ತೆಗೆದಿಡು. ಮಲಿಕಸಾಬ ಹೇಗೂ ತಾನೇ ಮಾಡಿದ್ದೆಂದು ಒಪ್ಪಿಕೊಂಡಿದ್ದಾನೆ. ಸುಧೀರ ಹೊಡೆಯುವಾಗ ಹಿಂದೆ ನಿಂತು ಪಾಸ್‌ವರ್ಡ್ ಕದ್ದು ನೋಡಿದ ಎಂದು ನಾನು ವರದಿಯಲ್ಲಿ ಬರೆಯಬಲ್ಲೆ. ಸುಧೀರನ ಹೆಸರು ದೂರಿನಿಂದ ಹೊರಗೆ ಬರುತ್ತದೆ. ನಿನಗೆ ಕೊಡುವ ಕೆಲಸ ಉಳಿಯುತ್ತದೆ. ಮಗಳು ಪ್ರಾಚಿ ಬರುವ ವರ್ಷ ಹತ್ತನೇ ಕ್ಲಾಸು. ಅವಳನ್ನು ನೆನಪಿಟ್ಟುಕೋ.

ಇನ್ನು ನಿನ್ನ ಪ್ರಶ್ನೆ. ಲಾಗಿನ್ ಮುಚ್ಚಬೇಕಾದವನು ನಾನು.

ಜನವರಿ ಇಪ್ಪತ್ತಕ್ಕೆ ಕುಂಡಯಿಯಿಂದ ಮೇಲ್ ಬಂದಿತ್ತು. ಒಂದು ದಿನದೊಳಗೆ ಮುಚ್ಚಬೇಕು ಎನ್ನುವುದು ನಿಯಮ, ಆ ನಿಯಮ ಬರೆದವನೂ ನಾನೇ. ಅವನನ್ನು ಸುಟ್ಟು ಬಂದು ಎರಡು ದಿನವಾಗಿತ್ತು. ಪರದೆಯ ಮೇಲೆ ಅವನ ಹೆಸರು ಹಸಿರು ಅಕ್ಷರದಲ್ಲಿತ್ತು. ಗುಂಡಿ ಒತ್ತಿದರೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಹದಿಮೂರು ದಿನ ಕಳೆಯಲಿ ಎಂದು ಬಿಟ್ಟೆ. ಮೂವತ್ತೊಂದಕ್ಕೆ ಮುಚ್ಚಿದೆ. ಯಾರಿಗೂ ಹೇಳಿಲ್ಲ. ತಪ್ಪು ಕುಂಡಯಿಯಲ್ಲೇ ಸಿಕ್ಕರೆ ಪುಣೆಯ ಕಡೆ ಯಾರೂ ನೋಡುವುದಿಲ್ಲ ಎಂದುಕೊಂಡು ನಿನಗೆ ಮೊದಲ ಪತ್ರ ಬರೆದೆ. ಅದು ಖರೆ. ನಿನ್ನ ಚಿಂತೆ ಇದ್ದದ್ದೂ ಖರೆ.

ಏಪ್ರಿಲ್ ಮೂರರವರೆಗೆ ಸುಮ್ಮನಿರು. ಇಷ್ಟೇ ಕೇಳುತ್ತೇನೆ.

ಕೇದಾರ


ಫೋಂಡಾ
5 ಏಪ್ರಿಲ್ 2025

ಕೇದಾರ ಭಾವನವರಿಗೆ ರಂಜನಾ ಮಾಡುವ ನಮಸ್ಕಾರಗಳು.

ನಿಮ್ಮ ಪತ್ರ ಮೂವತ್ತೊಂದಕ್ಕೆ ಬಂತು. ಎರಡು ದಿನ ಯೋಚಿಸಿ ಏಪ್ರಿಲ್ ಎರಡರಂದು ಕುಂಡಯಿಗೆ ಹೋದೆ.

ನಡೆದದ್ದನ್ನೆಲ್ಲ ಕನ್ನಡದಲ್ಲಿ ಬರೆದುಕೊಂಡು ಹೋಗಿದ್ದೆ. ಮ್ಯಾನೇಜರರಿಗೆ ಕನ್ನಡ ಬಾರದು. ಆಫೀಸಿನಲ್ಲಿ ಕಾರವಾರದ ಹುಡುಗಿ ಒಬ್ಬಳಿದ್ದಾಳೆ, ಅವಳು ಒಂದೊಂದೇ ಸಾಲು ಓದಿ ಅವರಿಗೆ ಹಿಂದಿಯಲ್ಲಿ ಹೇಳಿದಳು. ಪೆನ್ ಡ್ರೈವನ್ನು ಮೇಜಿನ ಮೇಲಿಟ್ಟೆ. ಅದನ್ನು ಅಲ್ಲೇ ತೆರೆದು ನೋಡಿದರು. ಪಟ್ಟಿ ಇಳಿಸುತ್ತ ಇಳಿಸುತ್ತ ಒಂದರ ಮೇಲೆ ಒತ್ತಿದಾಗ ಕವ್ವಾಲಿ ಶುರುವಾಯಿತು. ಹುಡುಗಿ ನಗು ತಡೆದುಕೊಂಡಳು. ಮ್ಯಾನೇಜರರು ನಗಲಿಲ್ಲ, ಆದರೆ ಕುರ್ಚಿಗೆ ಒರಗಿ ಕೂತರು. ಅದನ್ನು ಬೇರೆ ಯಂತ್ರಕ್ಕೆ ಹಾಕಿದ್ದು ಫೋಟೋ ಅಂಗಡಿಯಲ್ಲಿ ಮಾತ್ರ ಎಂದು ಹೇಳಿದೆ. ಅಲ್ಲಿಗೂ ಜನ ಕಳಿಸಿ ನೋಡಿದ್ದಾರೆ.

ಪಾಸ್‌ವರ್ಡನ್ನು ನನ್ನ ಯಜಮಾನರೇ ಮಲಿಕಸಾಬನಿಗೆ ಕಲಿಸಿದ್ದರು ಎಂದು ಬರೆದಿದ್ದೆ. ಅಲ್ಲಿಗೆ ಬಂದಾಗ ಮ್ಯಾನೇಜರರು ಕೈ ತೋರಿಸಿ ನಿಲ್ಲಿಸಿದರು. ಆ ಹುಡುಗಿ ನನಗೆ ಹೇಳಿದಳು, "ಅಕ್ಕಾ, ಸರ್ ಹೇಳ್ತಾರೆ, ಹೋದವರ ಹೆಸರು ಯಾಕೆ, ಆ ಸಾಲು ಬಿಡಿ ಅಂತ. ಅವನೇ ಕದ್ದು ನೋಡಿದ್ದು ಅಂತ ಬರೀರಿ, ಸಾಕು."

ನೀವು ಬರೆದದ್ದೇ ಮಾತು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆ ಸಾಲು ಬಿಟ್ಟರೆ ಮಲಿಕಸಾಬ ಕಳ್ಳನಾಗುತ್ತಾನೆ, ಇಟ್ಟರೆ ಇವರು ನಿಯಮ ಮುರಿದವರಾಗುತ್ತಾರೆ. ನಾನು ಬಿಡಲಿಲ್ಲ. ನನ್ನ ಗಂಡ ತಪ್ಪು ಮಾಡಿದ್ದರು ಎಂದು ನಾನೇ ಬರೆದು, ಕೆಳಗೆ ಸಹಿ ಹಾಕಿಕೊಟ್ಟೆ.

ಪೊಲೀಸರಿಗೆ ದೂರು ಕೊಟ್ಟಿಲ್ಲ. ಮಲಿಕಸಾಬನನ್ನು ಸೋಮವಾರದಿಂದ ಕ್ಯಾಂಟೀನಿಗೆ ಕರೆದಿದ್ದಾರೆ, ಲ್ಯಾಬಿನ ಮೆಟ್ಟಿಲು ಹತ್ತುವಂತಿಲ್ಲ. ಯಂತ್ರ ತಾವೇ ಚಾಲೂ ಮಾಡಲು ಲ್ಯಾಬಿನವರ ಬಸ್ಸು ಇನ್ನು ಮೇಲೆ ಏಳಕ್ಕೇ ಬರುತ್ತದಂತೆ. ಪ್ಯಾಕಿಂಗ್ ವಿಭಾಗದ ಮಾತನ್ನು ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಗೌರಿಬಾಯಿಯ ತಂಗಿ ಶಾಲೆಯ ಅಡುಗೆಗೆ ಜನ ಬೇಕು ಎಂದಿದ್ದಾರೆ, ನೋಡಬೇಕು.

ನಿಮ್ಮ ವಿಷಯ. ನನ್ನ ಬರಹದಲ್ಲಿ ನಾಲ್ಕು ಸಾವಿರದ ನೂರ ಹನ್ನೆರಡು ಎಂದು ಬರೆದುಬಿಟ್ಟಿದ್ದೆ. ಅದು ನನಗೆ ಹೇಗೆ ಗೊತ್ತಾಯಿತು ಎಂದು ಕೇಳಿದರು. ಹೊರಗೆ ಯಾರಿಗೂ ಗೊತ್ತಿಲ್ಲದ ಲೆಕ್ಕವಂತೆ. ನಮ್ಮ ಸಂಬಂಧಿಕರೊಬ್ಬರು ಪತ್ರ ಬರೆದಿದ್ದರು ಎಂದೆ. ಯಾರು ಎಂದರು. ಅವರೇ ಬಂದು ಹೇಳುತ್ತಾರೆ, ಹೇಳಲು ಅವರಿಗೆ ಇನ್ನೂ ಇದೆ ಎಂದೆ. ಹನ್ನೊಂದನೆಯ ತಾರೀಖು ಮತ್ತೆ ಕರೆದಿದ್ದಾರೆ. ಅಷ್ಟರೊಳಗೆ ನೀವು ಹೇಳದಿದ್ದರೆ ನಾನು ಹೇಳಬೇಕಾಗುತ್ತದೆ. ನಿಮ್ಮ ಪತ್ರಗಳನ್ನು ಹರಿದಿಲ್ಲ. ಈಗಲೂ ನೀವು ಹೇಳುತ್ತೀರಿ ಎಂದು ಪೂರ್ತಿ ನಂಬಿಕೆ ಬರುತ್ತಿಲ್ಲ. ಬಂದರೆ ಚೆನ್ನಾಗಿತ್ತು.

ಕುಂಡಯಿಯಿಂದ ಬರುವಾಗ ಬಸ್ಸಿನಲ್ಲಿ ಜಾಗ ಸಿಕ್ಕಿತು. ಕೂತ ಕೂಡಲೇ ಇವರ ಮೇಲೆ ಸಿಟ್ಟು ಬಂತು. ಹೋದಾಗಿನಿಂದ ಬರೀ ಅಳು ಬರುತ್ತಿತ್ತು, ಸಿಟ್ಟು ಇದೇ ಮೊದಲು. ಊರಿಗೆಲ್ಲ ಪಾಸ್‌ವರ್ಡ್ ಹಂಚಿ, ನನ್ನ ಮುಂದೆ ಮಾತ್ರ ನಿಯಮ ಹೇಳುತ್ತಿದ್ದಿರಲ್ಲ, ನಾನೇನು ಕಳ್ಳಿಯೇ ಎಂದು ಮನಸ್ಸಿನಲ್ಲೇ ಕೇಳಿದೆ. ಇವರು ಎಂದಿನಂತೆ ನಗುತ್ತಾ ಮಾತು ಬದಲಿಸಲು ನೋಡಿದರು. ನಾನು ಬಿಡಲಿಲ್ಲ. ಫರ್ಮಾಗುಡಿಯ ಏರು ಮುಗಿಯುವವರೆಗೂ ಇಬ್ಬರೂ ಜಗಳವಾಡಿಕೊಂಡು ಬಂದೆವು.

ರಂಜನಾ